ಹುಡುಗರ ಕೈಗೆ ಸಿಗದ ಮೊದಲ ಪ್ರೀತಿಯ ಪುಸ್ತಕ

ಮೂರನೇ ಇಯತ್ತೆಯಿಂದ ಎಂಟನೇ ಇಯತ್ತೆಯವರೆಗಿನ ಮಕ್ಕಳಿಗೆಂದೇ ಬರೆಯುವ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ಬೇರೆಯೇ ಕಪಾಟು ಉಂಟು. ಪ್ರಕಾಶಕರು ಅದನ್ನು ಮಿಡಲ್ ಗ್ರೇಡ್ ಎಂದು ಕರೆಯುತ್ತಾರೆ. ಓದುಗರ ವಯಸ್ಸು ಸುಮಾರು 8ರಿಂದ 12, ಕೆಲವೊಮ್ಮೆ 13, 14. ಈ ಕಾದಂಬರಿಗಳಲ್ಲಿ ಒಂದು ಸಣ್ಣ ಗುಂಪು ಮೊದಲ ಪ್ರೀತಿಯದು. ಅಲ್ಲಿ ಮದುವೆ, ಓಡಿಹೋಗುವುದು, ಪ್ರಾಣ ಕೊಡುವುದು ಯಾವುದೂ ಇಲ್ಲ. ತರಗತಿಯ ಒಂದು ಹುಡುಗಿ ಇದ್ದಕ್ಕಿದ್ದಂತೆ ಬೇರೆ ಥರ ಕಾಣತೊಡಗುತ್ತಾಳೆ, ಅವಳೆದುರು ನಾಲಿಗೆ ತೊದಲುತ್ತದೆ, ಗೆಳೆಯರಿಗೆ ಗೊತ್ತಾದರೆ ಮರ್ಯಾದೆ ಹೋದೀತೆಂಬ ಭಯ ಹುಟ್ಟುತ್ತದೆ. ಕಥೆಗೆ ಅಷ್ಟು ಸಾಕು. ಇಂಥ ಪುಸ್ತಕಗಳನ್ನು ಹೆಚ್ಚಾಗಿ ಹುಡುಗಿಯರನ್ನು ಕಣ್ಣಮುಂದಿಟ್ಟುಕೊಂಡೇ ಬರೆಯುತ್ತಾರೆ, ಮುಖಪುಟವೂ ಹಾಗೇ ಇರುತ್ತದೆ. ಹುಡುಗರು ಅತ್ತ ಕೈಚಾಚುವುದಿಲ್ಲ. ಆದರೆ ಹುಡುಗನ ಒಳಗನ್ನು ಚೆನ್ನಾಗಿ ಬಲ್ಲ, ಹುಡುಗರೇ ಇಷ್ಟಪಟ್ಟು ಓದುವ ಕೆಲವು ಕಾದಂಬರಿಗಳೂ ಇವೆ. ಕನ್ನಡದಲ್ಲಿ ಇವುಗಳ ಜಾಗ ಹೆಚ್ಚುಕಡಿಮೆ ಖಾಲಿಯಾಗಿಯೇ ಉಳಿದಿದೆ.

ಈ ಖಾಲಿ ಜಾಗಕ್ಕೆ ಒಂದು ಇತಿಹಾಸವಿದೆ. ಕನ್ನಡದ ಮಕ್ಕಳ ಸಾಹಿತ್ಯ ಬಡವಾಗಿಲ್ಲ. ಪಂಜೆ ಮಂಗೇಶರಾಯರ ಕಾಲದಿಂದ ಪದ್ಯ, ಕಥೆಗಳ ಬೆಳೆ ಚೆನ್ನಾಗಿಯೇ ಬಂದಿದೆ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ಕಟ್ಟಿಕೊಟ್ಟರು. 1949ರಲ್ಲಿ 'ಚಂದಮಾಮ' ಕನ್ನಡಕ್ಕೆ ಬಂತು, ಆಮೇಲೆ 'ಬಾಲಮಿತ್ರ' ಬಂತು. ಆದರೆ ಚಂದಮಾಮ ಬಿಟ್ಟ ಹುಡುಗ ಮುಂದೆ ಹೋಗಿದ್ದು ಎಲ್ಲಿಗೆ? ಒಂದು ತಲೆಮಾರಿನವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಹೋದರು. ಅವರ ನಂತರದವರು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವನ್ನು ರಾತ್ರಿ ದೀಪದಡಿ ಹೆದರುತ್ತಲೇ ಓದಿದರು. ಅದೇ ಮನೆಯ ಹುಡುಗಿ ಅದೇ ವಯಸ್ಸಿನಲ್ಲಿ ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಅವರ ಕಾದಂಬರಿ ಹಿಡಿದಳು. ಅಕ್ಕನ ದಿಂಬಿನಡಿ ಇರುವುದು 'ಹೆಂಗಸರ ಪುಸ್ತಕ', ತಮ್ಮನ ಬ್ಯಾಗಿನಲ್ಲಿ ಇರುವುದು 'ಗಂಡಸರ ಪುಸ್ತಕ' ಎಂಬ ಪಾಲುಪಟ್ಟಿ ಹೀಗೆ ಸದ್ದಿಲ್ಲದೆ ಆಗಿಹೋಯಿತು. ಹುಡುಗಿಗೆ ಪ್ರೀತಿ, ಮನಸ್ಸು, ದುಃಖಗಳ ಬಗ್ಗೆ ಒಂದಿಷ್ಟು ಭಾಷೆಯಾದರೂ ಸಿಕ್ಕಿತು. ಹುಡುಗನಿಗೆ ಪಿಸ್ತೂಲು ಸಿಕ್ಕಿತು, ಮಾಟ ಸಿಕ್ಕಿತು, ತನ್ನೊಳಗೆ ಏನಾಗುತ್ತಿದೆ ಎಂಬುದನ್ನು ಹೇಳಿಕೊಳ್ಳುವ ಮಾತು ಸಿಗಲಿಲ್ಲ.

ಆ ಮಾತನ್ನು ಅವನು ಕಲಿತದ್ದು ಸಿನಿಮಾದಿಂದ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಕನ್ನಡ ಸಿನಿಮಾದಷ್ಟೇ ತೆಲುಗು ಸಿನಿಮಾವೂ ಮನೆಮಾತು. ಎರಡರಲ್ಲೂ ನಾಯಕ ನಾಯಕಿಯ ಹಿಂದೆ ಬೀಳುತ್ತಾನೆ, ದಾರಿ ಅಡ್ಡಗಟ್ಟುತ್ತಾನೆ, ಅವಳು ಬೇಡವೆಂದಷ್ಟೂ ಇವನ ಪ್ರೀತಿ ದೊಡ್ಡದೆಂದು ತೋರಿಸುತ್ತಾರೆ. ಹನ್ನೆರಡರ ಹುಡುಗನಿಗೆ ಇದೇ ಪಠ್ಯಪುಸ್ತಕವಾದರೆ ಮುಂದೇನಾಗುತ್ತದೆಂದು ಊರಿನ ಯಾವ ಮೇಷ್ಟ್ರಿಗೂ ವಿವರಿಸಬೇಕಾಗಿಲ್ಲ. ಮಕ್ಕಳ ಕಾದಂಬರಿ ಈ ವಿಷಯಕ್ಕೆ ಕೈಹಾಕುವುದು ಅಗತ್ಯವಾಗಿರುವುದು ಇದಕ್ಕಾಗಿಯೇ. ಪುಸ್ತಕ ಸುಮ್ಮನಿದ್ದರೆ ಹುಡುಗ ಪ್ರೀತಿಯ ಬಗ್ಗೆ ಯೋಚಿಸದೆ ಇರುವುದಿಲ್ಲ. ಪರದೆ ಕಲಿಸಿದಂತೆ ಯೋಚಿಸುತ್ತಾನೆ.

ಈ ಬಗೆಯ ಕಥೆಗೆ ಹಳೆಯ ಮಾದರಿ ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರನ ಸಾಹಸಗಳು. ಎಲ್ಲರ ನೆನಪಿನಲ್ಲಿ ಉಳಿದಿರುವುದು ಬೇಲಿಗೆ ಸುಣ್ಣ ಬಳಿಯುವ ಪ್ರಸಂಗ, ಗುಹೆ, ನಿಧಿ. ಆದರೆ ಕಾದಂಬರಿಯ ಬೆನ್ನೆಲುಬು ಬೆಕಿ ಥ್ಯಾಚರ್ ಎಂಬ ಹೊಸ ಹುಡುಗಿ. ಅವಳನ್ನು ಕಂಡೊಡನೆ ಟಾಮ್ ಅವಳ ಮನೆಯೆದುರು ಲಾಗ ಹಾಕುತ್ತಾನೆ. ತನ್ನ ಆಸ್ತಿಯಲ್ಲೇ ಅತಿ ಬೆಲೆಬಾಳುವ ಒಂದು ಹಿತ್ತಾಳೆ ಗುಂಡನ್ನು ಅವಳಿಗೆ ಕೊಡಲು ಹೋಗುತ್ತಾನೆ. ಬಾಯಿತಪ್ಪಿ ಹಳೆಯ ಗೆಳತಿಯ ಹೆಸರೆತ್ತಿ ಎಲ್ಲವನ್ನೂ ಹಾಳುಮಾಡಿಕೊಳ್ಳುತ್ತಾನೆ. ಮೇಷ್ಟ್ರ ಪುಸ್ತಕದ ಹಾಳೆಯನ್ನು ಹರಿದದ್ದು ಬೆಕಿ; ಆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಏಟು ತಿನ್ನುವವನು ಟಾಮ್. ಹುಡುಗರು ಈ ಪುಸ್ತಕವನ್ನು ಪ್ರೇಮಕಥೆಯೆಂದು ಓದುವುದಿಲ್ಲ, ಸಾಹಸವೆಂದೇ ಓದುತ್ತಾರೆ. ಟ್ವೇನ್ ಪ್ರೀತಿಯನ್ನು ಆಟ, ಜಗಳ, ಬೆತ್ತದೇಟುಗಳ ನಡುವೆಯೇ ಇಟ್ಟ. ಗುಹೆಯ ಕತ್ತಲಲ್ಲಿ ದಾರಿತಪ್ಪಿದಾಗ ಬೆಕಿಯ ಧೈರ್ಯ ಕುಂದದಂತೆ ಟಾಮ್ ನೋಡಿಕೊಳ್ಳುವ ಬಗೆಯಲ್ಲಿ ಅದು ಒಂದೂ ದೊಡ್ಡ ಮಾತಿಲ್ಲದೆ ಕಾಣಿಸಿಕೊಳ್ಳುತ್ತದೆ.

ನೂರು ವರ್ಷದ ನಂತರ, 1977ರಲ್ಲಿ, ಕ್ಯಾಥರಿನ್ ಪ್ಯಾಟರ್ಸನ್ 'ಬ್ರಿಜ್ ಟು ಟೆರಬಿತಿಯಾ' ಬರೆದರು. ಬಡ ರೈತಮನೆಯ ಜೆಸ್ ಶಾಲೆಯಲ್ಲಿ ಎಲ್ಲರಿಗಿಂತ ವೇಗವಾಗಿ ಓಡಬೇಕೆಂದು ಬೇಸಿಗೆಯೆಲ್ಲ ಅಭ್ಯಾಸ ಮಾಡುತ್ತಾನೆ. ಪಕ್ಕದ ಮನೆಗೆ ಬಂದ ಲೆಸ್ಲಿ ಎಂಬ ಹುಡುಗಿ ಮೊದಲ ದಿನವೇ ಎಲ್ಲ ಹುಡುಗರನ್ನೂ ಹಿಂದೆ ಹಾಕುತ್ತಾಳೆ. ಹಳ್ಳದಾಚೆಯ ಕಾಡಿನಲ್ಲಿ ಇಬ್ಬರೂ ಸೇರಿ ಒಂದು ಕಲ್ಪನೆಯ ರಾಜ್ಯ ಕಟ್ಟುತ್ತಾರೆ. ಜೆಸ್‌ಗೆ ಸಂಗೀತದ ಟೀಚರ್ ಮೇಲೂ ಒಂದು ಮೂಕ ಮೋಹವಿದೆ. ಆ ಟೀಚರ್ ಜೊತೆ ಅವನು ಒಬ್ಬನೇ ನಗರ ನೋಡಲು ಹೋದ ದಿನವೇ ಲೆಸ್ಲಿ ಹಳ್ಳದಲ್ಲಿ ಸಾಯುತ್ತಾಳೆ. ಲೆಸ್ಲಿಯನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂಬ ಪ್ರಶ್ನೆ ಹುಡುಗನನ್ನು ಬಿಡುವುದಿಲ್ಲ. ಇದು ಸ್ನೇಹವೋ ಪ್ರೀತಿಯೋ ಎಂದು ಪುಸ್ತಕ ಎಲ್ಲೂ ತೀರ್ಮಾನ ಕೊಡುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ಆ ಎರಡರ ನಡುವೆ ಗೆರೆಯೂ ಇರುವುದಿಲ್ಲ. ಮರುವರ್ಷ ಇದಕ್ಕೆ ನ್ಯೂಬರಿ ಪದಕ ಬಂತು.

ಹುಡುಗರ ದೃಷ್ಟಿಯಿಂದ ಎಲ್ಲಕ್ಕಿಂತ ಹೆಚ್ಚು ಉಪಯೋಗದ ಪುಸ್ತಕ ಬಹುಶಃ ವೆಂಡಲಿನ್ ವ್ಯಾನ್ ಡ್ರಾನನ್ 2001ರಲ್ಲಿ ಬರೆದ 'ಫ್ಲಿಪ್ಡ್'. ಒಂದು ಅಧ್ಯಾಯವನ್ನು ಬ್ರೈಸ್ ಹೇಳುತ್ತಾನೆ, ಅದೇ ಘಟನೆಗಳನ್ನು ಮುಂದಿನ ಅಧ್ಯಾಯದಲ್ಲಿ ಎದುರುಮನೆಯ ಜೂಲಿ ಹೇಳುತ್ತಾಳೆ. ಎರಡನೇ ಇಯತ್ತೆಯಿಂದಲೂ ಜೂಲಿಗೆ ಬ್ರೈಸ್ ಎಂದರೆ ಪ್ರಾಣ. ಬ್ರೈಸ್‌ಗೆ ಅವಳು ತಲೆನೋವು. ಜೂಲಿ ತಾನು ಸಾಕಿದ ಕೋಳಿಗಳ ಮೊಟ್ಟೆಯನ್ನು ಪ್ರೀತಿಯಿಂದ ಅವನ ಮನೆಗೆ ತಂದುಕೊಡುತ್ತಾಳೆ. ಆ ಮೊಟ್ಟೆ ತಿಂದರೆ ರೋಗ ಬಂದೀತೆಂದು ಮನೆಯವರು ಹೆದರುತ್ತಾರೆ. ಬ್ರೈಸ್‌ಗೆ ಅವಳೆದುರು 'ಬೇಡ' ಎನ್ನುವ ಧೈರ್ಯ ಸಾಲದು. ಹಾಗಾಗಿ ಪ್ರತಿ ಸಲ ಬಾಗಿಲಲ್ಲಿ ಮೊಟ್ಟೆ ತೆಗೆದುಕೊಂಡು ಯಾರಿಗೂ ಕಾಣದಂತೆ ಕಸದ ಡಬ್ಬಿಗೆ ಹಾಕುತ್ತಾನೆ. ಒಂದು ದಿನ ಅವಳ ಕೈಗೇ ಸಿಕ್ಕಿಬೀಳುತ್ತಾನೆ. ಓದುವ ಹುಡುಗನಿಗೆ ಬ್ರೈಸ್ ಕೆಟ್ಟವನಲ್ಲ, ಹೇಡಿ ಎಂದು ಅಲ್ಲಿ ಅರ್ಥವಾಗುತ್ತದೆ. ತನ್ನಲ್ಲೂ ಅಂಥ ಹೇಡಿತನ ಇದೆಯೆಂಬುದೂ ಹೊಳೆಯುತ್ತದೆ. ಜೂಲಿಗೆ ಮನಸ್ಸು ಮುರಿದ ಹೊತ್ತಿಗೆ ಬ್ರೈಸ್‌ಗೆ ಅವಳ ಬೆಲೆ ತಿಳಿಯತೊಡಗುತ್ತದೆ. ಕೊನೆಗೆ ಅವನು ಮಾಡುವುದು ಒಂದೇ ಕೆಲಸ: ಜೂಲಿ ಹತ್ತಿ ಕೂರುತ್ತಿದ್ದ ಹಳೆಯ ಮರವನ್ನು ಕಡಿದುಹಾಕಿದ್ದರಲ್ಲ, ಅದೇ ಜಾತಿಯ ಸಸಿಯೊಂದನ್ನು ಅವಳ ಮನೆಯ ಅಂಗಳದಲ್ಲಿ ನೆಡುತ್ತಾನೆ. 2010ರಲ್ಲಿ ರಾಬ್ ರೈನರ್ ಇದನ್ನು ಸಿನಿಮಾ ಮಾಡಿದರು.

ಕ್ವಾಮಿ ಅಲೆಕ್ಸಾಂಡರ್ ಅವರ 'ದಿ ಕ್ರಾಸ್‌ಓವರ್' (2014) ಮತ್ತೊಂದು ದಾರಿ ಹಿಡಿಯುತ್ತದೆ. ಬಾಸ್ಕೆಟ್‌ಬಾಲ್ ಆಡುವ ಅವಳಿ ಸೋದರರ ಕಥೆಯನ್ನು ಪದ್ಯದಲ್ಲಿ ಹೇಳುವ ಕಾದಂಬರಿ ಅದು. ಒಬ್ಬನಿಗೆ ಗೆಳತಿ ಸಿಗುತ್ತಾಳೆ. ಇನ್ನೊಬ್ಬನಿಗೆ ಹುಟ್ಟಿದಂದಿನಿಂದ ಜೊತೆಗಿದ್ದ ಸೋದರನನ್ನೇ ಯಾರೋ ಕಿತ್ತುಕೊಂಡಂತಾಗುತ್ತದೆ. ಸಿಟ್ಟಿನಲ್ಲಿ ಸೋದರನ ಮುಖಕ್ಕೇ ಚೆಂಡು ಬೀಸುತ್ತಾನೆ. ಪ್ರೀತಿಸಿದವನಿಗಿಂತ ಪಕ್ಕಕ್ಕೆ ಸರಿದವನ ನೋವು ಇಲ್ಲಿ ಮುಖ್ಯವಾಗುತ್ತದೆ. ಗೆಳೆಯನಿಗೆ 'ಹುಡುಗಿ ಸಿಕ್ಕಮೇಲೆ' ಒಂಟಿಯಾದ ಹುಡುಗರು ಎಲ್ಲ ಊರಲ್ಲೂ ಇದ್ದಾರೆ, ಆದರೆ ಅವರ ಬಗ್ಗೆ ಬರೆದವರು ಕಡಿಮೆ. ಪದ್ಯರೂಪವಾದ್ದರಿಂದ ಪುಟದಲ್ಲಿ ಅಕ್ಷರ ಕಡಿಮೆ, ಬಿಳಿ ಜಾಗ ಹೆಚ್ಚು. ದಪ್ಪ ಪುಸ್ತಕ ಕಂಡರೆ ಓಡುವ ಹುಡುಗರಿಗೆ ಅದೂ ಒಂದು ಅನುಕೂಲ.

ಕನ್ನಡದ ಓದುಗರಿಗೆ ಇವಕ್ಕಿಂತ ಹತ್ತಿರದ ಉದಾಹರಣೆ ಪಕ್ಕದ ಮರಾಠಿಯಲ್ಲಿದೆ. ಮಿಲಿಂದ್ ಬೋಕಿಲ್ ಅವರ 'ಶಾಳಾ' (2004) ತುರ್ತುಪರಿಸ್ಥಿತಿಯ ದಿನಗಳಲ್ಲಿ ಸಣ್ಣ ಊರೊಂದರಲ್ಲಿ ಒಂಬತ್ತನೇ ಇಯತ್ತೆ ಓದುವ ಮುಕುಂದ ಜೋಶಿಯ ಕಥೆ. ಸಹಪಾಠಿ ಶಿರೋಡಕರಳ ಮೇಲೆ ಅವನಿಗೆ ಮನಸ್ಸು. ಗೆಳೆಯರ ಗುಂಪು, ಅವರ ಗೇಲಿ, ಮೇಷ್ಟ್ರುಗಳ ಕಣ್ಣು, ಮನೆಯ ಶಿಸ್ತು ಎಲ್ಲವೂ ಅಲ್ಲಿ ಜೀವಂತವಾಗಿವೆ. ನಾಗರಾಜ ಮಂಜುಳೆಯವರ 'ಫಂಡ್ರಿ' (2013) ಸಿನಿಮಾದ ಜಬ್ಯಾ ಹಂದಿ ಹಿಡಿಯುವ ಕುಲದ ಹುಡುಗ. ಮೇಲ್ಜಾತಿಯ ಶಾಲೂ ಅವನ ತರಗತಿಯವಳು. ಕರಿಯ ಹಕ್ಕಿಯೊಂದನ್ನು ಹಿಡಿದು ಸುಟ್ಟು ಅದರ ಬೂದಿ ಎರಚಿದರೆ ಅವಳು ತನ್ನವಳಾಗುತ್ತಾಳೆಂದು ನಂಬಿ ಕಾಡು ಅಲೆಯುತ್ತಾನೆ. ಅವಳು ನೋಡುತ್ತಿರುವಾಗಲೇ ಅಪ್ಪನ ಜೊತೆ ಹಂದಿ ಹಿಡಿಯಬೇಕಾಗಿ ಬರುತ್ತದೆ. ಜಾತಿ ಎಂದರೇನು ಎಂಬುದು ಅವನಿಗೆ ತಿಳಿಯುವುದೇ ಮೊದಲ ಪ್ರೀತಿಯ ದಾರಿಯಲ್ಲಿ. ನಮ್ಮ ಹಳ್ಳಿಗಳಲ್ಲಿ ಈ ವಿಷಯವನ್ನು ಬರೆಯುವವರು ಈ ಸತ್ಯದಿಂದ ಮುಖ ತಿರುಗಿಸಿದರೆ ಬರೆದದ್ದು ಸುಳ್ಳಾಗುತ್ತದೆ.

ಕನ್ನಡದ್ದೇ ಆದ ಅತ್ಯಂತ ಒಳ್ಳೆಯ ಉದಾಹರಣೆಯೂ ಪುಸ್ತಕವಲ್ಲ, ಸಿನಿಮಾ. ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರ ಆಗಸ್ಟಿನಲ್ಲಿ ತೆರೆಕಂಡು, ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕೇರಳದೊಳಗೆ ಉಳಿದ ಕನ್ನಡ ಶಾಲೆಯೊಂದು ಮುಚ್ಚಿಹೋಗದಂತೆ ಮಕ್ಕಳೇ ಹೋರಾಡುವ ಕಥೆ ಅದು. ಆ ಹೋರಾಟದ ನಡುವೆಯೇ ಪ್ರವೀಣ ಎಂಬ ಹುಡುಗನಿಗೆ ತನ್ನ ಶಾಲೆಯ ಪಲ್ಲವಿಯ ಮೇಲಿರುವ ಒಲವು ಹರಿಯುತ್ತದೆ. ಅವನ ಪಾಡು ನೋಡಿ ಜನ ನಕ್ಕರು, ಆದರೆ ಅವನನ್ನು ಕೀಳಾಗಿ ಕಂಡು ನಗಲಿಲ್ಲ. ಮಕ್ಕಳ ಚಿತ್ರದಲ್ಲಿ ಇದೆಂಥ ಪ್ರೀತಿ ಎಂದು ಮನೆಮಂದಿ ಎದ್ದುಹೋಗಲಿಲ್ಲ; ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು ನೋಡಿದರು. ಕನ್ನಡದ ಮನೆಗಳು ಈ ವಿಷಯವನ್ನು ಸಹಿಸುವುದಿಲ್ಲ ಎಂಬ ಅಳುಕಿಗೆ ಆಧಾರವಿಲ್ಲವೆಂದು ಆ ಚಿತ್ರ ತೋರಿಸಿಕೊಟ್ಟಿತು. ಹೇಳುವ ಬಗೆ ಸರಿಯಿದ್ದರೆ ಕೇಳುವವರಿದ್ದಾರೆ.

ಪುಸ್ತಕಲೋಕದಲ್ಲಿ ಇತ್ತೀಚೆಗೆ ಮಕ್ಕಳ ಕಾದಂಬರಿಗೆ ಒಳ್ಳೆಯ ದಿನಗಳು ಬಂದಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' (2022), ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' (2023) ಮೂರೂ ಸಾಲಾಗಿ ಈ ಗೌರವ ಪಡೆದ ಕಾದಂಬರಿಗಳು. 2025ರಲ್ಲಿ ಬಳ್ಳಾರಿ ಸೀಮೆಯ ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್‌ಬುಕ್' ಕಥಾಸಂಕಲನಕ್ಕೆ ಅದು ಸಂದಿತು. ಬಯಲುಸೀಮೆಯ ಮಕ್ಕಳ ಕಥೆ ರಾಷ್ಟ್ರಮಟ್ಟದಲ್ಲಿ ಗುರುತಾದದ್ದು ಈ ಭಾಗಕ್ಕೆ ಸಣ್ಣ ಸಂಗತಿಯಲ್ಲ. ಕಾಡು, ಪ್ರಾಣಿ, ಶಾಲೆ, ಬಡತನ, ಗೆಳೆತನ ಈ ಎಲ್ಲ ವಿಷಯಗಳನ್ನು ಇಂದಿನ ಕನ್ನಡ ಮಕ್ಕಳ ಸಾಹಿತ್ಯ ಸಲೀಸಾಗಿ ಎತ್ತಿಕೊಳ್ಳುತ್ತಿದೆ. ಮೊದಲ ಒಲವಿನ ಹತ್ತಿರ ಬಂದಾಗ ಮಾತ್ರ ಲೇಖನಿ ಹಿಂಜರಿಯುತ್ತದೆ.

ಹಾಗಾದರೆ ಹುಡುಗರು ಓದುವಂಥ ಮೊದಲ ಪ್ರೀತಿಯ ಕಾದಂಬರಿ ಹೇಗಿರಬೇಕು? ಮೇಲಿನ ಪುಸ್ತಕಗಳನ್ನು ಜೊತೆಯಿಟ್ಟು ನೋಡಿದರೆ ಕೆಲವು ಸಂಗತಿ ತಾವಾಗಿ ಕಾಣುತ್ತವೆ. ಪ್ರೀತಿಯೊಂದೇ ಕಥೆಯಾಗಬಾರದು. ಓಟವೋ, ಚೆಂಡೋ, ಗುಹೆಯೋ, ಶಾಲೆ ಉಳಿಸುವ ಹೋರಾಟವೋ ಮುಂದೆ ನಡೆಯುತ್ತಿರಬೇಕು, ಪ್ರೀತಿ ಅದರ ಜೊತೆ ಬೆಳೆಯಬೇಕು. ಆ ವಯಸ್ಸಿನ ಹುಡುಗನ ದಿನದಲ್ಲೂ ಅದು ಹಾಗೇ ಇರುತ್ತದೆ: ಇಪ್ಪತ್ತು ಕೆಲಸದ ನಡುವೆ ಒಂದು ಗಳಿಗೆ. ಇನ್ನು ಗೆಳೆಯರ ಗೇಲಿ. ಹುಡುಗನಿಗೆ ಹುಡುಗಿಯ ನಿರಾಕರಣೆಗಿಂತ ಹೆಚ್ಚು ಭಯ ಹುಟ್ಟಿಸುವುದು ಇದೇ. "ಲೇ, ನಿನ್ ಪೆನ್ನು ಅಕಿ ಕಂಪಾಸ್‌ನಾಗ ಐತಂತಲೇ" ಎಂಬ ಒಂದೇ ಮಾತಿಗೆ ಇಡೀ ತರಗತಿ ನಗುತ್ತದೆ. ಆ ನಗುವಿನಿಂದ ಪಾರಾಗಲು ಹುಡುಗ ಎಲ್ಲರೆದುರು ಅವಳನ್ನೇ ಬೈಯುತ್ತಾನೆ, ಮನೆಗೆ ಬಂದು ಊಟ ಬಿಡುತ್ತಾನೆ. ಆ ದ್ರೋಹದ ಕ್ಷಣವನ್ನು ಸರಿಯಾಗಿ ಬರೆದ ಕಾದಂಬರಿಯನ್ನು ಹುಡುಗರು ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹುಡುಗಿಯ ಚಿತ್ರಣ. ಅವಳು ಗೆಲ್ಲಬೇಕಾದ ಬಹುಮಾನವಾದರೆ ಪುಸ್ತಕ ಸಿನಿಮಾದ ನಕಲಾಗುತ್ತದೆ. ಲೆಸ್ಲಿ ಓಟದಲ್ಲಿ ಗೆಲ್ಲುತ್ತಾಳೆ, ಜೂಲಿಗೆ ತನ್ನದೇ ಕೋಳಿ, ಮರ, ಸಿಟ್ಟು ಇವೆ. ಕನ್ನಡಕ್ಕೂ ಬಂದಿರುವ ಜಪಾನಿನ 'ತೊತ್ತೋ-ಚಾನ್'ನಲ್ಲಿ (ಮೂಲ 1981) ಒಂದು ಚಿಕ್ಕ ಪ್ರಸಂಗವಿದೆ. ತೊತ್ತೋ-ಚಾನ್ ತನಗಿಷ್ಟವಾದ ತಾಯ್-ಚಾನ್ ಎಂಬ ಹುಡುಗನ ಪೆನ್ಸಿಲ್‌ಗಳನ್ನು ತಪ್ಪದೆ ಚೂಪು ಮಾಡಿಕೊಡುತ್ತಾಳೆ. ಕುಸ್ತಿಯಲ್ಲಿ ಮಾತ್ರ ಅವನನ್ನೇ ಎತ್ತಿಹಾಕುತ್ತಾಳೆ. ದೊಡ್ಡವನಾದ ಮೇಲೆ ನಿನ್ನನ್ನು ಮದುವೆಯಾಗುವುದಿಲ್ಲ ಎಂದು ಹುಡುಗ ಹೇಳಿಬಿಡುತ್ತಾನೆ. ಅಷ್ಟಾದರೂ ಅವಳು ಪೆನ್ಸಿಲ್ ಚೂಪು ಮಾಡುವುದನ್ನು ಬಿಡುವುದಿಲ್ಲ. ಯಾರ ಮೇಲೂ ತೀರ್ಪು ಕೊಡದೆ ಮುಗಿಯುವ ಈ ಪ್ರಸಂಗವನ್ನು ನಮ್ಮ ಶಾಲೆಗಳಲ್ಲಿ ಮಕ್ಕಳು, ಶಿಕ್ಷಕರು ಆಕ್ಷೇಪವಿಲ್ಲದೆ ಓದುತ್ತ ಬಂದಿದ್ದಾರೆ. ಹಾಗೆಯೇ, ಹುಡುಗಿ ಬೇಡವೆಂದಾಗ ಅದನ್ನು ಕೇಳಿಸಿಕೊಂಡು ಹಿಂದೆ ಸರಿಯುವ ಹುಡುಗನನ್ನು ಹೇಡಿಯೆನ್ನದೆ, ಅವನ ನೋವನ್ನು ಪೂರ್ತಿ ಗೌರವದಿಂದ ಹೇಳುವ ಕಥೆ ನಮ್ಮ ಹುಡುಗರಿಗೆ ತುರ್ತಾಗಿ ಬೇಕು.

ಇಂಥ ಕಾದಂಬರಿಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಸಿರಿಗೇರಿಯಂಥ ಊರು ಹೇಳಿಮಾಡಿಸಿದ ನೆಲ. ಸಿರುಗುಪ್ಪ ತಾಲೂಕೆಂದರೆ ತುಂಗಭದ್ರೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಕಾಲುವೆಗೆ ನೀರು ಬಿಟ್ಟ ದಿನದಿಂದ ಊರಿನ ಲಯವೇ ಬದಲಾಗುತ್ತದೆ. ನಾಟಿಯ ಹಂಗಾಮಿನಲ್ಲಿ ಎಷ್ಟೋ ಹುಡುಗಿಯರ ಹಾಜರಿ ತಪ್ಪುತ್ತದೆ. ಅವರ ಖಾಲಿ ಜಾಗವನ್ನು ಗಮನಿಸುವ ಹುಡುಗನೊಬ್ಬ ಆ ತರಗತಿಯಲ್ಲಿ ಇದ್ದೇ ಇರುತ್ತಾನೆ, ಯಾಕೆ ಗಮನಿಸಿದೆನೆಂದು ಅವನಿಗೇ ತಿಳಿದಿರುವುದಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಅವಳು ಮನೆಯವರ ಜೊತೆ ಬಳೆ ಅಂಗಡಿಯ ಮುಂದೆ ನಿಂತಿದ್ದಾಗ ಇವನು ತೇರಿನ ಆಚೆ ಬದಿಯಿಂದ ನೋಡಿ, ಮಾತಾಡಿಸಲಾಗದೆ ಗೆಳೆಯರ ಹಿಂದೆ ಹೊರಟುಬಿಡಬಹುದು. ಶಾಲೆಯಲ್ಲಿ ಹುಡುಗರ ಸಾಲು ಒಂದು ಕಡೆ, ಹುಡುಗಿಯರ ಸಾಲು ಇನ್ನೊಂದು ಕಡೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು. ಕಾದಂಬರಿಕಾರರಿಗೆ ಇಷ್ಟು ಸಾಮಗ್ರಿ ಧಾರಾಳ.

ಇದೇ ನೆಲ ಕಾದಂಬರಿಗೆ ಇನ್ನೊಂದು ಭಾರವನ್ನೂ ಹೊರಿಸುತ್ತದೆ. ಹುಡುಗಿ ದೊಡ್ಡವಳಾದಳೆಂದರೆ ಶಾಲೆ ಬಿಡಿಸುವ, ಹದಿನೆಂಟು ತುಂಬುವ ಮೊದಲೇ ಮದುವೆ ಗೊತ್ತುಮಾಡುವ ರೂಢಿ ಈ ಭಾಗದಲ್ಲಿ ಇನ್ನೂ ಅಳಿದಿಲ್ಲ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇದ್ದರೂ. ಒಬ್ಬ ಹುಡುಗನ ಹೆಸರಿನ ಜೊತೆ ಅವಳ ಹೆಸರು ಸೇರಿಸಿ ಯಾರೋ ಗೋಡೆಯ ಮೇಲೆ ಬರೆದರೆ ಸಾಕು, ಅವಳ ಓದು ಅಲ್ಲಿಗೇ ನಿಲ್ಲಬಹುದು. ಹುಡುಗನಿಗೆ ಎರಡು ಏಟು ಬಿದ್ದು ವಿಷಯ ಮುಗಿಯುತ್ತದೆ, ಹುಡುಗಿಯ ಬದುಕೇ ಬೇರೆ ದಾರಿ ಹಿಡಿಯುತ್ತದೆ. ಗೋಡೆಯ ಮೇಲೆ ಬರೆಯುವ ಕೈ ಹುಡುಗನದೇ. ತನ್ನ ತಮಾಷೆಗೆ ಬೆಲೆ ತೆರುವವರು ಯಾರೆಂದು ಅವನಿಗೆ ಕಾಣಿಸುವಂತೆ ಮಾಡುವ ಶಕ್ತಿ ಬುದ್ಧಿಮಾತಿಗಿಂತ ಕಥೆಗೆ ಹೆಚ್ಚು.

ಪುಸ್ತಕ ಬಂದರೆ ಹಳ್ಳಿಯ ಹುಡುಗನಿಗೆ ತಲುಪುವ ದಾರಿ ಈಗ ಮೊದಲಿಗಿಂತ ಸುಲಭ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಿಂದ 'ಓದುವ ಬೆಳಕು' ಕಾರ್ಯಕ್ರಮ ನಡೆಯುತ್ತಿದೆ. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. 'ಅರಿವು ಕೇಂದ್ರ' ಎಂಬ ಹೆಸರು ಪಡೆದಿರುವ ಈ ಗ್ರಂಥಾಲಯಗಳಲ್ಲಿ ಶಾಲೆ ಬಿಟ್ಟಮೇಲೆ ಕೂತು ಓದಲು ಜಾಗವಿದೆ. ಅಲ್ಲಿ ಇಂಥ ಕಾದಂಬರಿಯನ್ನು 'ಪ್ರೇಮ' ಎಂಬ ಚೀಟಿ ಹಚ್ಚಿ ಬೇರೆ ಇಟ್ಟರೆ ಹುಡುಗರು ಮುಟ್ಟುವುದಿಲ್ಲ, ಮುಟ್ಟಿದವನನ್ನು ಉಳಿದವರು ಬಿಡುವುದಿಲ್ಲ. ಅದು ಕ್ರಿಕೆಟ್, ಪತ್ತೇದಾರಿ, ಸಾಹಸದ ಪುಸ್ತಕಗಳ ಸಾಲಿನಲ್ಲೇ ಇರಬೇಕು. ಮುಖಪುಟದ ಮೇಲೆ ಹೃದಯದ ಚಿತ್ರ ಬೇಡ. ನೂರು, ನೂರೈವತ್ತು ಪುಟ ದಾಟದಿದ್ದರೆ ಒಳ್ಳೆಯದು, ಅಧ್ಯಾಯಗಳು ಒಂದು ಪಿರಿಯಡ್ಡಿನಲ್ಲಿ ಓದಿ ಮುಗಿಯುವಷ್ಟಿರಲಿ. ಶಿಕ್ಷಕರು ಮೊದಲ ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಕುತೂಹಲದ ಜಾಗದಲ್ಲಿ ನಿಲ್ಲಿಸಿದರೆ ಸಾಕು. ಅದರ ಮೇಲೆ ಪ್ರಶ್ನೆ ಕೇಳುವುದು, ನೀತಿ ಬರೆಸುವುದು ಬೇಡ. ಯಾರು ಎರವಲು ಪಡೆದರೆಂದು ತರಗತಿಯಲ್ಲಿ ಹೆಸರು ಕೂಗುವುದಂತೂ ಬೇಡವೇ ಬೇಡ. ಒಂದೇ ಪ್ರತಿ ಸಾಲದು, ಎರಡು ಮೂರು ಬೇಕು: ಹುಡುಗ ಓದುತ್ತಿರುವಾಗಲೇ ಅದೇ ತರಗತಿಯ ಹುಡುಗಿಯೂ ಅದನ್ನು ಮನೆಗೆ ಒಯ್ಯುವಂತಿರಬೇಕು.